ಲಕ್ವದ ನಂತರ ಮನಸ್ಸಿನ ಆರೈಕೆ
ಲಕ್ವ ಹೊಡೆದವರು ಆಸ್ಪತ್ರೆಯಿಂದ ಮನೆಗೆ ಬಂದರೆ ನೋಡಲು ಬಂದವರೆಲ್ಲ ಕೇಳುವುದು ಕೈ ಎತ್ತುತ್ತಾರಾ, ನಡೆಯುತ್ತಾರಾ ಎಂದೇ. ಅಂಗಿಯ ಗುಂಡಿ ಹಾಕಲೂ ಮಗಳನ್ನು ಕರೆಯಬೇಕಾದವರ ಮನಸ್ಸಿನ ಪಾಡನ್ನು ಯಾರೂ ವಿಚಾರಿಸುವುದಿಲ್ಲ. ಪಾರ್ಶ್ವವಾಯುವಿನಿಂದ ಬದುಕುಳಿದ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ. ಇದು ಅಧೈರ್ಯವಲ್ಲ, ಮಿದುಳಿಗೆ ಬಿದ್ದ ಪೆಟ್ಟಿನ ಪಾಲೂ ಇದರಲ್ಲಿದೆ. ಖಿನ್ನರಾದವರು ಫಿಸಿಯೋಥೆರಪಿ ಬಿಡುತ್ತಾರೆ, ಮಾತ್ರೆ ತಪ್ಪಿಸುತ್ತಾರೆ. ಮನೆಯವರು ಹಟವೆಂದು ಗದರುತ್ತಾರೆ. ಮಾತೇ ನಿಂತವರಿಗಂತೂ ಸಂಕಟ ಹೇಳಿಕೊಳ್ಳಲೂ ಆಗದು.

ಈ ಖಿನ್ನತೆಗೆ ಔಷಧವಿದೆ, ಆಪ್ತಸಮಾಲೋಚನೆಯೂ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ಆರೈಕೆ ಮಾಡಿ ಬಳಲಿದ ಮನೆಯವರೂ ಕರೆ ಮಾಡಬಹುದು. ಆಸ್ಪತ್ರೆಗಳು ಡಿಸ್ಚಾರ್ಜ್ ಚೀಟಿಯಲ್ಲಿ ಬಿಪಿ ಮಾತ್ರೆಯ ಪಕ್ಕದಲ್ಲೇ ಈ ಸಂಖ್ಯೆ ಬರೆಯಲಿ. ಮರುಭೇಟಿಯಲ್ಲಿ ಮನಸ್ಸಿನ ತಪಾಸಣೆಯನ್ನು ಸರ್ಕಾರ ಕಡ್ಡಾಯ ಮಾಡಲಿ.