ಮರಳಿ ಬಂದವರು ಎಲ್ಲಿಗೂ ಹೋಗಿರಲಿಲ್ಲ

ಭದ್ರಾವತಿಯಲ್ಲಿ ಯಂತ್ರ ನಿಂತರೆ ಊರಿಗೆಲ್ಲ ಗೊತ್ತಾಗುತ್ತದೆ. 2015ರಲ್ಲಿ ಕಾಗದ ಕಾರ್ಖಾನೆ ನಿಂತಾಗ ಗೊತ್ತಾಯಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಧರಣಿ ಕೂತರು, ಮನವಿಪತ್ರಗಳು ದೆಹಲಿಯವರೆಗೆ ಹೋದವು. ಆಗಲೇಬೇಕಾದ ಹೋರಾಟ ಅದು. ಆದರೆ ಇದೇ ಭದ್ರಾವತಿಯಲ್ಲಿ, ಪಕ್ಕದ ಶಿವಮೊಗ್ಗದಲ್ಲಿ, ಗಿಟಾರ್ ನುಡಿಸುವ ಒಂದು ಕೈ ಅಥವಾ ಖವ್ವಾಲಿ ಹಾಡುವ ಒಂದು ಗಂಟಲು ನಿಂತು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಇಪ್ಪತ್ತು ವರ್ಷಗಳ ನಂತರ ಆ ಮನುಷ್ಯ ಎಲ್ಲಾದರೂ ವೇದಿಕೆಯ ಮೇಲೆ ಕಂಡರೆ ಮಾತ್ರ 'ಹಿರಿಯ ಕಲಾವಿದರ ಪುನರಾಗಮನ' ಎಂದು ಪತ್ರಿಕೆಗಳು ಬರೆಯುತ್ತವೆ. ಈ 'ಪುನರಾಗಮನ'ವೆಂಬ ಮಾತಿನ ಮೇಲೆಯೇ ನಮ್ಮ ತಕರಾರು. ಬಂದವರು ಎಲ್ಲಿಗೆ ಹೋಗಿದ್ದರು? ಅವರನ್ನು ಕಳಿಸಿದವರು ಯಾರು?

ಈ ತಕರಾರು ಅರ್ಥವಾಗಬೇಕಾದರೆ ಭದ್ರೆಯ ದಡದಿಂದ ಒಮ್ಮೆ ಆಫ್ರಿಕದ ನೈಜರ್ ನದಿಯ ದಡಕ್ಕೆ ಹೋಗಿ ಬರಬೇಕು. ಅಲ್ಲಿ, ಮಾಲಿ ದೇಶದ ನಿಯಾಫುಂಕೆ ಎಂಬ ಊರಿನಲ್ಲಿ ಅಲಿ ಫರ್ಕಾ ತೂರೆ ಎಂಬ ಗಿಟಾರ್ ವಾದಕರಿದ್ದರು. 1939ರಲ್ಲಿ ಹುಟ್ಟಿದ ಅವರು ತಾಯಿಯ ಹತ್ತನೆಯ ಗಂಡುಮಗು. ಮೊದಲಿನ ಒಂಬತ್ತೂ ಕೂಸುಗಳಾಗಿದ್ದಾಗಲೇ ಹೋಗಿದ್ದವು. ಇದೊಂದು ಬದುಕಿತೆಂದು ಗಟ್ಟಿ ಜೀವದ ಕತ್ತೆಯ ಹೆಸರನ್ನೇ ಅಡ್ಡಹೆಸರಾಗಿ ಇಟ್ಟರು. 'ಫರ್ಕಾ' ಎಂದರೆ ಕತ್ತೆ. ದೃಷ್ಟಿ ತಾಗದಿರಲೆಂದು ಮಕ್ಕಳಿಗೆ ತಿಪ್ಪ, ಕಲ್ಲ, ಗುಂಡ ಎಂದು ಹೆಸರಿಡುತ್ತಿದ್ದ ನಮ್ಮ ಹಳ್ಳಿಗಳಿಗೆ ಇದು ಹೊಸತೇನಲ್ಲ.

ಎಪ್ಪತ್ತರ ದಶಕದಲ್ಲಿ ತೂರೆ ಮಾಲಿಯ ಸರಕಾರಿ ರೇಡಿಯೋದಲ್ಲಿ ಧ್ವನಿಮುದ್ರಣದ ಕೆಲಸ ಮಾಡಿದರು. 1994ರಲ್ಲಿ ಅಮೆರಿಕದ ರೈ ಕೂಡರ್ ಜೊತೆ ಮಾಡಿದ 'ಟಾಕಿಂಗ್ ಟಿಂಬಕ್ಟು' ಅವರಿಗೆ ಗ್ರ್ಯಾಮಿ ಪ್ರಶಸ್ತಿ ತಂದಿತು. ಜಗತ್ತೇ ಬಾಗಿಲಲ್ಲಿ ನಿಂತಾಗ ಅವರು ನಿಯಾಫುಂಕೆಗೆ ಮರಳಿ ಗದ್ದೆಗಿಳಿದರು. ಸಂಗೀತದ ಪೇಟೆ ಅವರನ್ನು 'ಕಣ್ಮರೆಯಾದವರು' ಎಂದಿತು. ಮುಂದಿನ ಧ್ವನಿಸುರುಳಿಗಾಗಿ 1999ರವರೆಗೆ ಕಾಯಬೇಕಾಯಿತು. ಅದಕ್ಕೂ ಅವರು ಊರು ಬಿಟ್ಟು ಹೊರಡಲಿಲ್ಲ. ಮುದ್ರಿಸುವವರೇ ನಿಯಾಫುಂಕೆಗೆ ಹೋಗಬೇಕಾಯಿತು. ಪಾಳುಬಿದ್ದ ಹಳೆಯ ಕಟ್ಟಡವೊಂದರಲ್ಲಿ, ಜನರೇಟರ್ ಇಟ್ಟುಕೊಂಡು, ಹೊಲದ ಕೆಲಸ ಮುಗಿದ ಮೇಲೆ ಅವರು ನುಡಿಸಿದ್ದನ್ನು ಹಿಡಿದುಕೊಂಡರು. ಆ ಸುರುಳಿಯ ಹೆಸರೂ 'ನಿಯಾಫುಂಕೆ'. ಮತ್ತೆ ಕೆಲವು ವರ್ಷ ಮೌನ. 2004ರಲ್ಲಿ ಊರಿನ ಮೇಯರ್ ಆದರು, ಸ್ವಂತ ಹಣ ಹಾಕಿ ರಸ್ತೆ, ಚರಂಡಿ ಮಾಡಿಸಿದರು. 2005ರಲ್ಲಿ ತುಮಾನಿ ಜಬಾತೆ ಜೊತೆಗಿನ 'ಇನ್ ದ ಹಾರ್ಟ್ ಆಫ್ ದ ಮೂನ್' ಬಂತು, ಅದಕ್ಕೂ ಗ್ರ್ಯಾಮಿ ಬಂತು. ಅಷ್ಟರಲ್ಲಿ ಮೂಳೆಯ ಕ್ಯಾನ್ಸರ್ ಅವರನ್ನು ಹಿಡಿದಿತ್ತು. 2006ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರೊಬ್ಬರದೇ ಹೆಸರಿನ ಕೊನೆಯ ಸುರುಳಿ 'ಸವಾನ್' ಹೊರಬಂದಾಗ ಅವರು ಇರಲಿಲ್ಲ.

ಇವರನ್ನು 'ಮರಳಿ ಬಂದವರು' ಎನ್ನುವುದು ಯಾವ ನ್ಯಾಯ? ಗದ್ದೆಯಲ್ಲಿದ್ದವರು ಗದ್ದೆಯಲ್ಲೇ ಇದ್ದರು. ಊರಿನವರಿಗೆ ಅವರು ದಿನಾ ಕಾಣುತ್ತಿದ್ದರು. ಕಾಣದಿದ್ದುದು ಪೇಟೆಯ ಕಣ್ಣಿಗೆ. ಅಮೆರಿಕದ ಮಿಸಿಸಿಪ್ಪಿ ಜಾನ್ ಹರ್ಟ್ ಕಥೆಯೂ ಇದೇ. ಈ ಕಪ್ಪು ಕೃಷಿ ಕಾರ್ಮಿಕ 1928ರಲ್ಲಿ ಕೆಲವು ಹಾಡು ಮುದ್ರಿಸಿದ. ಅವು ಮಾರಾಟವಾಗಲಿಲ್ಲ, ಕಂಪೆನಿ ಮರೆಯಿತು. 35 ವರ್ಷಗಳ ನಂತರ, 1963ರಲ್ಲಿ, ಹಾಡೊಂದರಲ್ಲಿ ಬರುವ ಊರಿನ ಹೆಸರು ಹಿಡಿದು ಹುಡುಕಿಕೊಂಡು ಹೋದರೆ ಆತ ಅದೇ ಊರಿನಲ್ಲಿದ್ದ. ಆಮೇಲೆ ಮೂರು ವರ್ಷ ಬದುಕಿದ. ಮೂವತ್ತೈದು ವರ್ಷದ ಗೈರುಹಾಜರಿ ಜಾನ್ ಹರ್ಟ್‌ನದ್ದಲ್ಲ, ಕೇಳುಗರದ್ದು.

ಕನ್ನಡದ ಮುಸ್ಲಿಮ್ ಪತ್ರಿಕೆಯೊಂದರಲ್ಲಿ ಬ್ಲೂಸ್ ಯಾಕೆ ಎಂದು ಕೇಳುವವರಿದ್ದಾರೆ. ಬ್ಲೂಸ್ ಎಂದರೆ ಅಮೆರಿಕದ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಗುಲಾಮರ ಮಕ್ಕಳು, ಮೊಮ್ಮಕ್ಕಳು ಕಟ್ಟಿದ ಸಂಗೀತ. ಪಶ್ಚಿಮ ಆಫ್ರಿಕದಿಂದ ಹಡಗಿಗೆ ತುಂಬಿಸಿ ಒಯ್ದ ಆ ಗುಲಾಮರಲ್ಲಿ ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿದ್ದರು. ಆ ಹೊಲದ ಕೂಗುಗಳ ಎಳೆತದಲ್ಲಿ, ಒಂದೇ ಅಕ್ಷರವನ್ನು ಹಲವು ಸ್ವರಗಳ ಮೇಲೆ ಒಯ್ಯುವ ರೀತಿಯಲ್ಲಿ, ಅಜಾನ್ ಮತ್ತು ಕುರ್‌ಆನ್ ಪಠಣದ ನೆನಪು ಉಳಿದಿದೆ ಎಂದು ಇತಿಹಾಸಕಾರ್ತಿ ಸಿಲ್ವಿಯಾನ್ ದಿಯೂಫ್ ವಾದಿಸಿದ್ದಾರೆ. ಸಂಗೀತ ವಿದ್ವಾಂಸ ಗೆರ್ಹಾರ್ಡ್ ಕುಬಿಕ್ ಕೂಡ ಬ್ಲೂಸಿನ ಗಾಯನದಲ್ಲಿ ಇಸ್ಲಾಮಿಕ್ ಸಂಸ್ಕೃತಿಯ ಪಶ್ಚಿಮ ಆಫ್ರಿಕದ ಛಾಯೆ ಗುರುತಿಸಿದ್ದಾರೆ. ತೂರೆಯವರಂತೂ ತಾವು ನುಡಿಸುವುದು ಅಮೆರಿಕದಿಂದ ಬಂದದ್ದಲ್ಲ, ಅದರ ಬೇರು ತಮ್ಮ ನೆಲದಲ್ಲಿದೆ ಎಂದು ಕೊನೆಯವರೆಗೂ ಹಟ ಹಿಡಿದರು. ಐದು ಹೊತ್ತಿನ ನಮಾಜಿನ ಮುಸ್ಲಿಮ್ ಸಮಾಜದಲ್ಲಿ ಬೆಳೆದ ರೈತನೊಬ್ಬನ ಸಂಗೀತ ಅದು.

ಈಗ ನಮ್ಮೊಳಗಿನ ಜಗಳಕ್ಕೆ ಬರೋಣ. 2012ರಲ್ಲಿ ಉತ್ತರ ಮಾಲಿಯನ್ನು ಹಿಡಿದ ಉಗ್ರರು ಶರೀಅತ್ತಿನ ಹೆಸರಿನಲ್ಲಿ ಸಂಗೀತ ನಿಷೇಧಿಸಿದರು. ವಾದ್ಯಗಳನ್ನು ಸುಟ್ಟರು. ಕಲಾವಿದರು ಊರು ಬಿಟ್ಟು ಓಡಿದರು. ತೂರೆಯವರ ನಿಯಾಫುಂಕೆಯೂ ಬಾಯಿ ಮುಚ್ಚಿಕೊಳ್ಳಬೇಕಾಯಿತು. ಶಿವಮೊಗ್ಗ, ಭದ್ರಾವತಿಗಳಲ್ಲಿ ಬಂದೂಕು ಹಿಡಿದು ಬಂದವರಿಲ್ಲ, ನಿಜ. ಇಲ್ಲಿ ಅದರ ಅಗತ್ಯವೂ ಇಲ್ಲ. ನಿಕಾಹ್ ಮಾತುಕತೆಯಲ್ಲಿ 'ಹುಡುಗ ಆರ್ಕೆಸ್ಟ್ರಾದಲ್ಲಿದ್ದಾನಂತೆ' ಎಂಬ ಪಿಸುಮಾತೊಂದು ಸಾಕು. ಗಿಟಾರ್ ಅಟ್ಟ ಸೇರುತ್ತದೆ.

ವಾದ್ಯಸಂಗೀತವನ್ನು ಒಪ್ಪದ ಉಲಮಾಗಳ ಪರಂಪರೆ ದೊಡ್ಡದು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೊಂದೇ ಪರಂಪರೆಯಲ್ಲ. ಈದ್ ದಿನ ಹಜರತ್ ಆಯಿಷಾ(ರ) ಅವರ ಮನೆಯಲ್ಲಿ ಹುಡುಗಿಯರು ಹಾಡುತ್ತಿದ್ದಾಗ ಹಜರತ್ ಅಬೂಬಕರ್(ರ) ಗದರಿದರು. ಬಿಡಿ, ಇದು ಹಬ್ಬ ಎಂದವರು ಪ್ರವಾದಿ(ಸ). ಅಬೂ ಮೂಸಾ ಅಶ್‌ಅರಿ(ರ) ಅವರ ಕಂಠವನ್ನು ದಾವೂದರ ಮನೆತನದ ಕೊಳಲಿಗೆ ಹೋಲಿಸಿದವರೂ ಅವರೇ. ಇಮಾಮ್ ಗಜ್ಜಾಲಿ ತಮ್ಮ 'ಇಹ್ಯಾ'ದಲ್ಲಿ ಸಮಾ ಕುರಿತೇ ಒಂದು ಭಾಗ ಬರೆದು ಷರತ್ತುಗಳೊಂದಿಗೆ ಒಪ್ಪಿದರು. ಸ್ಪೇನಿನ ಇಬ್ನ್ ಹಜ್ಮ್ ವಾದ್ಯ ನಿಷೇಧದ ವರದಿಗಳನ್ನು ಪರಿಶೀಲಿಸಿ ತಳ್ಳಿಹಾಕಿದರು. ಕಲಬುರಗಿಯ ಬಂದೇ ನವಾಜರ ಚಿಶ್ತಿ ಪರಂಪರೆಯಲ್ಲಿ ಸಮಾ ಆರಾಧನೆಯ ಭಾಗ. ಇಷ್ಟು ಭಿನ್ನಮತವಿರುವ ವಿಷಯದಲ್ಲಿ ಒಂದೇ ಅಭಿಪ್ರಾಯವನ್ನು ದೀನ್ ಎಂದು ಸಾರುವ ಅಧಿಕಾರ ಮೊಹಲ್ಲಾದ ಮುತವಲ್ಲಿಗೆ ಕೊಟ್ಟವರು ಯಾರು?

ಇನ್ನೂ ಒಂದು ಮಾತನ್ನು ನೇರವಾಗಿ ಹೇಳಬೇಕು. ನಮ್ಮಲ್ಲಿ ಸಂಗೀತಗಾರನ ಮೇಲಿರುವ ತಿರಸ್ಕಾರದ ಮೂಲ ಫಿಕ್ಹ್ ಅಲ್ಲ, ಜಾತಿ. 'ಯೇ ಶರೀಫೊಂ ಕಾ ಕಾಮ್ ನಹೀಂ', ಇದು ಮರ್ಯಾದಸ್ಥರ ಕೆಲಸವಲ್ಲ ಎಂಬ ಮಾತು ನಮ್ಮ ಉರ್ದು ಮನೆಗಳಲ್ಲಿ ಕೇಳದವರಿಲ್ಲ. 'ಮಿರಾಸಿ' ಎಂಬುದು ಬೈಗುಳ. ಹಾಡುವ ಕಸುಬಿನವರನ್ನು ಕೆಳಗಿಟ್ಟದ್ದು ಕಿತಾಬಲ್ಲ, ಖಾನ್ದಾನಿನ ಬಿಂಕ. ತೂರೆಯವರ ಕುಲೀನ ಮನೆತನವೂ ಅವರ ವಾದ್ಯವನ್ನು ವಿರೋಧಿಸಿತ್ತು; ಅಲ್ಲಿಯೂ ಹಾಡುವುದು ಹುಟ್ಟಿನಿಂದ ಬಂದ ಕೆಲವು ಕುಲಗಳ ಕೆಲಸ. ಮದುವೆ ಮೆರವಣಿಗೆಗೆ ಬ್ಯಾಂಡ್‌ಸೆಟ್ ಬೇಕು, ಬ್ಯಾಂಡಿನವನಿಗೆ ಹೆಣ್ಣು ಕೊಡಲಾರರು. ರಮಜಾನಿನಲ್ಲಿ ಸಹರಿಗೆ ಎಬ್ಬಿಸಲು ದಫ್ ಬಾರಿಸುವ ಫಕೀರ ಬೇಕು, ಅವನ ಮಗನ ಪಕ್ಕ ಕೂತು ಉಣ್ಣಲಾರರು. ಇದು ಇಸ್ಲಾಮೇ?

ಇಷ್ಟು ಓದಿ ಬಹುಸಂಖ್ಯಾತ ಸಮಾಜದ ಗೆಳೆಯರು ಸಮಾಧಾನ ಪಡಬೇಕಾಗಿಲ್ಲ. ಅವರ ಮರೆವು ಬೇರೆ ಬಗೆಯದು. ಶಿವಮೊಗ್ಗ ಸುಬ್ಬಣ್ಣನವರು ಶಿಶುನಾಳ ಶರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದರು. ಆ ಋಣ ದೊಡ್ಡದು. ಆದರೆ ಶರೀಫರನ್ನು ಹಾಡಿ ಕಣ್ಣೊರೆಸಿಕೊಳ್ಳುವ ಸಭೆಗಳು, ಪಕ್ಕದ ಬೀದಿಯಲ್ಲಿರುವ ಮುಸ್ಲಿಮ್ ಹಾಡುಗಾರರನ್ನು ಕರೆಯುವುದು ಸೌಹಾರ್ದ ಸಮಾವೇಶದ ದಿನ ಮಾತ್ರ. ವೇದಿಕೆಯ ಮೇಲೆ ಟೋಪಿಯೊಂದು ಕಾಣಬೇಕು, ಅಷ್ಟೆ. ಅಬ್ದುಲ್ ಕರೀಂ ಖಾನರು ಸವಾಯಿ ಗಂಧರ್ವರಿಗೆ ಕಲಿಸಿದ್ದರಿಂದ ಗಂಗೂಬಾಯಿ, ಭೀಮಸೇನರ ಗಾಯನ ಕರ್ನಾಟಕಕ್ಕೆ ಸಿಕ್ಕಿತು. ಆಗ ಯಾರೂ ಅದನ್ನು ಸೌಹಾರ್ದವೆನ್ನಲಿಲ್ಲ, ಸಂಗೀತವೆಂದರು. ಈಗ ಕಲಾವಿದನಿಗೆ ಕೈ ನಡುಗತೊಡಗಿದ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ಕೈ ಗಟ್ಟಿಯಿದ್ದಾಗ ಸಂಭಾವನೆ ಕೇಳಿದರೆ 'ನೋಡೋಣ'.

ಭದ್ರಾವತಿಗೆ 1965ರಿಂದ ಆಕಾಶವಾಣಿ ಇದೆ. ಕಬ್ಬಿಣದ ಕಾರ್ಖಾನೆಯ ಜೊತೆ ಬೆಳೆದ ಈ ಊರಿಗೆ ಕನ್ನಡ, ಉರ್ದು, ತಮಿಳು, ತೆಲುಗು, ಮಲೆಯಾಳಂ ಮಾತಾಡುವವರು ದುಡಿಯಲು ಬಂದರು. ತಮ್ಮ ಹಾಡುಗಳನ್ನು ತರದೆ ಬಂದಿಲ್ಲ. ಮಾಲಿಯ ರೇಡಿಯೋದಲ್ಲಿ ಕೂತು ತೂರೆ ತಮ್ಮ ನಾಡಿನ ಸಂಗೀತ ಹಿಡಿದಂತೆ ಇಲ್ಲಿಯೂ ಹಿಡಿಯಬಹುದು. ನಿಲಯದಲ್ಲಿರುವ ಹಳೆಯ ಸ್ಥಳೀಯ ಧ್ವನಿಮುದ್ರಣಗಳನ್ನು ಜೋಪಾನ ಮಾಡಿ ಸಾರ್ವಜನಿಕರಿಗೆ ತೆರೆಯಬೇಕು. ಕುವೆಂಪು ವಿಶ್ವವಿದ್ಯಾಲಯದ, ಸಹ್ಯಾದ್ರಿ ಕಾಲೇಜಿನ ವಿದ್ಯಾರ್ಥಿಗಳು ಮೊಹಲ್ಲಾಗಳಿಗೆ ಬಂದು ಹಿರಿಯ ವಾದಕರನ್ನು ಮುದ್ರಿಸಿಕೊಳ್ಳಬೇಕು. ಪಾಳುಕಟ್ಟಡದಲ್ಲಿ ಜನರೇಟರ್ ಹಚ್ಚಿ ಮಾಡಿದ ಕೆಲಸವನ್ನು ಮಾಡಲು ಈಗ ಕೈಯಲ್ಲಿ ಫೋನಿದೆ. ಉರುಸ್ ಕಮಿಟಿಗಳು ದೂರದೂರಿನ ದೊಡ್ಡ ಖವ್ವಾಲರಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಊರಿನ ಹಾಡುಗಾರರಿಗೆ, ಕೈಗೆ ಕೈ, ಕೊಡಬೇಕು. ಜಮಾತುಗಳು ಸಂಗೀತವನ್ನು ಒಪ್ಪಲೇಬೇಕೆಂದು ನಾವು ಕೇಳುತ್ತಿಲ್ಲ. ನುಡಿಸುವವನ ಮಗಳ ನಿಕಾಹ್‌ಗೆ, ಅವನ ಜನಾಜಾಕ್ಕೆ, ಆ ಕಾರಣ ಅಡ್ಡ ತರಬಾರದು ಎಂದಷ್ಟೇ ಕೇಳುತ್ತಿದ್ದೇವೆ.

ಇಷ್ಟಾದರೆ ಯಾರನ್ನೂ 'ಪುನರಾಗಮನ'ವೆಂದು ಸನ್ಮಾನಿಸುವ ಅಗತ್ಯ ಬೀಳುವುದಿಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಕಿಲ್ಲ. ಅಂಥವರ ಮನೆಯ ಬಾಗಿಲು ತಟ್ಟುವವರು ಅವರ ಕೈ ಗಟ್ಟಿಯಿರುವಾಗಲೇ ಹೊರಡಲಿ.