ಗಡಿಯಾಚೆ ಖಾಲಿ ಬಾಟಲಿಗೆ 10 ರೂಪಾಯಿ, ಗಡಿಯೀಚೆ ಹೊಲಕ್ಕೆ ಗಾಜಿನ ಚೂರು

ಗುಂಡ್ಲುಪೇಟೆ: ಬಂಡೀಪುರ ದಾಟಿ ತಮಿಳುನಾಡಿನ ನೀಲಗಿರಿ ಜಿಲ್ಲೆಗೆ ಕಾಲಿಟ್ಟರೆ ಖಾಲಿ ಮದ್ಯದ ಬಾಟಲಿಗೂ ಬೆಲೆ ಇದೆ. ಈಚೆ ಅದೇ ಬಾಟಲಿ ಬರೀ ಕಸ. ರಸ್ತೆ ಬದಿ, ಕೆರೆ ಏರಿ, ಹೊಲದ ಬದುವಿನಲ್ಲಿ ಕುಡಿದು ಎಸೆದ ಬಾಟಲಿ ಒಡೆದರೆ, ಚುಚ್ಚೋದು ಮರುದಿನ ಕಳೆ ಕೀಳಲು ಬರುವವರ ಕಾಲಿಗೆ. ಕಾಡಂಚಿನಲ್ಲಾದರೆ ಆನೆ, ಜಿಂಕೆಗಳ ಕಾಲಿಗೆ.

ನೀಲಗಿರಿಯಲ್ಲೂ ಇದೇ ಸಮಸ್ಯೆ ಇತ್ತು. ವಿಷಯ ಮದ್ರಾಸ್ ಹೈಕೋರ್ಟ್ ಮುಂದೆ ಹೋದ ಬಳಿಕ, 2022ರ ಮೇ ತಿಂಗಳಿನಿಂದ ಅಲ್ಲಿನ ಸರ್ಕಾರಿ ಟಾಸ್ಮಾಕ್ ಅಂಗಡಿಗಳು ಬಾಟಲಿಗೆ 10 ರೂ. ಹೆಚ್ಚುವರಿ ಪಡೆಯುತ್ತಿವೆ. ಖಾಲಿ ಬಾಟಲಿ ತಂದುಕೊಟ್ಟರೆ ಆ ದುಡ್ಡು ವಾಪಸ್. ಕುಡಿದವನು ಎಸೆದರೂ ಆಯ್ದವರು ತಂದುಕೊಡುತ್ತಾರೆ. ಯೋಜನೆ ಬೇರೆ ಜಿಲ್ಲೆಗಳಿಗೂ ಹಬ್ಬಿತು. 2025ರ ಸೆಪ್ಟೆಂಬರ್‌ನಲ್ಲಿ ಕೇರಳವೂ ತಿರುವನಂತಪುರ, ಕಣ್ಣೂರಿನಲ್ಲಿ 20 ರೂ. ಠೇವಣಿಯ ಪ್ರಯೋಗ ಶುರುಮಾಡಿತು.

ಇದು ನಮಗೆ ಹೊಸದೇನಲ್ಲ. ಗೋಲಿ ಸೋಡಾ ಬಾಟಲಿ ಮನೆಗೆ ಒಯ್ಯಬೇಕಾದರೆ ಅಂಗಡಿಯವರ ಹತ್ತಿರ ಅಡ್ವಾನ್ಸ್ ಇಡಬೇಕಿತ್ತು. ಈಗ ಗುಜರಿಯಲ್ಲಿ ಗಾಜಿಗೆ ತೂಕ ಜಾಸ್ತಿ, ಬೆಲೆ ಕಮ್ಮಿ. ಹಾಗಾಗಿ ಚಿಂದಿ ಆಯುವವರೂ ಪ್ಲಾಸ್ಟಿಕ್ ಎತ್ತಿಕೊಂಡು ಗಾಜು ಬಿಟ್ಟು ಹೋಗುತ್ತಾರೆ.

ಇಲ್ಲಿ ಯಾಕಾಗಿಲ್ಲ?

ತಮಿಳುನಾಡಿನಲ್ಲಿ ಮದ್ಯದಂಗಡಿಗಳೆಲ್ಲ ಸರ್ಕಾರದ್ದು, ಒಂದು ಆದೇಶ ಸಾಕು. ಕರ್ನಾಟಕದಲ್ಲಿ ಬಹುಪಾಲು ಅಂಗಡಿ, ಬಾರ್‌ಗಳು ಖಾಸಗಿಯವರದ್ದು. ಆದರೆ ಅವರಿಗೆಲ್ಲ ಸರಕು ಹೋಗುವುದು ಸರ್ಕಾರದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋಗಳಿಂದಲೇ. ಠೇವಣಿಯನ್ನು ಡಿಪೋದಲ್ಲೇ ಸೇರಿಸಿ, ಬಾಟಲಿಗೆ ಗುರುತಿನ ಸ್ಟಿಕ್ಕರ್ ಅಂಟಿಸಿದರೆ ಖಾಸಗಿ ಅಂಗಡಿ ಅನ್ನುವುದು ಅಡ್ಡಿಯಾಗದು.

ತೊಡಕು ಬೇರೆ ಕಡೆ ಇದೆ. ಖಾಲಿ ಬಾಟಲಿ ಎಣಿಸಿ, ಜೋಡಿಸಿಡುವ ಹೊರೆ ಅಂಗಡಿ ಕೆಲಸದವರ ಮೇಲೆ ಬೀಳುತ್ತೆ. ತಮಿಳುನಾಡಿನಲ್ಲಿ ಟಾಸ್ಮಾಕ್ ನೌಕರರು ಇದೇ ಕಾರಣಕ್ಕೆ ಪ್ರತಿಭಟಿಸಿದ್ದಾರೆ. ಜಾಗ, ಕೂಲಿ ಯಾರು ಕೊಡಬೇಕು ಅನ್ನೋದು ಮೊದಲೇ ತೀರ್ಮಾನವಾಗಬೇಕು. ಇನ್ನು ನಮ್ಮಲ್ಲಿ ಅಗ್ಗದ ಮದ್ಯ ಬಹಳಷ್ಟು ಮಾರಾಟವಾಗೋದು ಟೆಟ್ರಾ ಪ್ಯಾಕ್‌ನಲ್ಲಿ. ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಅಂಟಿಸಿದ ಆ ಪೊಟ್ಟಣವನ್ನು ಬಿಟ್ಟರೆ ಯೋಜನೆ ಅರ್ಧದ್ದೇ.

ಇಡೀ ರಾಜ್ಯಕ್ಕೆ ಕಾಯಬೇಕಿಲ್ಲ. ಒಂದು ಕಡೆ ನೀಲಗಿರಿ, ಇನ್ನೊಂದು ಕಡೆ ವಯನಾಡು ಇರುವ ಗುಂಡ್ಲುಪೇಟೆ ತಾಲ್ಲೂಕಿನಲ್ಲೇ ಪ್ರಯೋಗ ಮಾಡಬಹುದು. ಅಬಕಾರಿ ಆದಾಯ ಖಜಾನೆಗೆ ಹೋಗುತ್ತಿದೆ, ಗಾಜು ಮಾತ್ರ ಹೊಲದಲ್ಲೇ ಉಳಿಯುತ್ತಿದೆ.