ವಾರಂಟಿ ಮುಗಿದರೆ ಯಂತ್ರವೇ ಮುಗಿಯಿತೆ?



ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ನೀವು ಏನು ಮಾಡ್ತೀರಿ? ಹೊಸ ಮೋಟಾರು ತರೋದಕ್ಕೆ ಓಡ್ತೀರಾ? ಇಲ್ಲ. ಎತ್ತಿಸಿ, ವೈಂಡಿಂಗ್ ಅಂಗಡಿಗೆ ಹಾಕಿ, ತಂತಿ ಸುತ್ತಿಸಿ, ಬೇರಿಂಗ್ ನೋಡಿಸಿ ಮತ್ತೆ ಇಳಿಸ್ತೀರಿ. ಕಂಪನಿಯ ವಾರಂಟಿ ಎಂದೋ ಮುಗಿದಿರುತ್ತದೆ, ಅದನ್ನು ಯಾರೂ ಕೇಳುವುದೂ ಇಲ್ಲ. ಮೂರು ಸಲ ಸುತ್ತಿಸಿದ ಮೋಟಾರು ಇಂದಿಗೂ ನೀರೆತ್ತುತ್ತಿರುವ ತೋಟ ನಿಮ್ಮೂರಲ್ಲೇ ಇದೆ.

ಇಷ್ಟು ಲೆಕ್ಕ ಬಲ್ಲ ನಾವು, ಕಾಲೇಜಿಗೆ ಹೋಗುವ ಮಗಳು "ಅಪ್ಪಾ, ಲ್ಯಾಪ್‌ಟಾಪು ಆನ್ ಆಗ್ತಿಲ್ಲ" ಅಂದ ಕೂಡಲೇ ಏಕೆ ಕಂಗಾಲಾಗುತ್ತೇವೆ? ಪೇಟೆಯ ಅಂಗಡಿಯವನು ಒಂದು ಸ್ಕ್ರೂ ಕೂಡ ಬಿಚ್ಚದೆ, "ಬೋರ್ಡು ಹೋಗಿದೆ, ವಾರಂಟಿ ಇಲ್ಲ, ಇದಕ್ಕೆ ದುಡ್ಡು ಹಾಕೋ ಬದಲು ಹೊಸದೇ ತಗೊಳ್ಳಿ, ಕಂತಿನಲ್ಲಿ ಕೊಡಿಸ್ತೀನಿ" ಅನ್ನುತ್ತಾನೆ. ನಾವು ತಲೆಯಾಡಿಸುತ್ತೇವೆ. ಮೋಟಾರಿನ ವಿಷಯದಲ್ಲಿ ನಮಗೆ ಹೀಗೆ ಹೇಳಿ ನೋಡಲಿ!

ಲೆಕ್ಕ ಹಾಕಿ ನೋಡಿ. 40 ಸಾವಿರದ ಲ್ಯಾಪ್‌ಟಾಪು ಎಂದರೆ ಎಷ್ಟು ರಾಗಿ? 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಆ ಬೆಲೆ ಪೂರಾ ಕೈಗೆ ಬಂದರೂ ಎಂಟು ಕ್ವಿಂಟಾಲಿಗೂ ಹೆಚ್ಚು ರಾಗಿ ತೂಗಬೇಕು. ಆ 40 ಸಾವಿರದಲ್ಲಿ 18 ಪರ್ಸೆಂಟಿನ ಜಿ.ಎಸ್.ಟಿ.ಯೇ ಆರು ಸಾವಿರದ ಮೇಲಾಗುತ್ತದೆ. ವ್ಯಾಪಾರಿಯಾದರೆ ಅದನ್ನು ತನ್ನ ಲೆಕ್ಕದಲ್ಲಿ ವಜಾ ಹಾಕಿಕೊಳ್ಳುತ್ತಾನೆ, ನಮಗೆ ಆ ದಾರಿಯೂ ಇಲ್ಲ. ಇನ್ನು ಕಂತು. ನಮ್ಮ ವರಮಾನ ಬರೋದು ಸುಗ್ಗಿಗೆ, ಕಂತು ಬರೋದು ತಿಂಗಳು ತಿಂಗಳು. ನಡುವಿನ ತಿಂಗಳುಗಳಿಗೆ ಕೈಗಡ. ಮನೆಸಾಲ ಬೆಳೆಯುವುದು ಹೀಗೇ ಅಲ್ಲವೆ?

"ಆನ್ ಆಗ್ತಿಲ್ಲ" ಅನ್ನೋದು ಒಂದೇ ಕಾಯಿಲೆಯ ಹೆಸರಲ್ಲ. ಪಂಪು ತಿರುಗದಿದ್ದರೆ ಮೊದಲೇ ಬೋರಿಂದ ಮೋಟಾರು ಎತ್ತಿಸ್ತೀರಾ? ಫ್ಯೂಸು ನೋಡ್ತೀರಿ, ಸ್ಟಾರ್ಟರು ನೋಡ್ತೀರಿ, ಮೂರು ಫೇಸೂ ಬಂದಿದೆಯೇ ಅಂತ ನೋಡ್ತೀರಿ. ಇಲ್ಲೂ ಅಷ್ಟೇ. ಮೊದಲು ಚಾರ್ಜರು. ನಮ್ಮ ಹಳ್ಳಿಯ ಕರೆಂಟಿನಲ್ಲಿ, ಅದರಲ್ಲೂ ನ್ಯೂಟ್ರಲ್ ಕಡಿದ ದಿನ, ಪೆಟ್ಟು ಮೊದಲು ಬೀಳೋದು ಅದಕ್ಕೇ. ಊರಲ್ಲಿ ಓದುವ ಇನ್ನೊಬ್ಬ ಹುಡುಗನ ಚಾರ್ಜರು ತಂದು ಹಾಕಿ ನೋಡಿ. ಮೇಲೆ ಅಚ್ಚಾಗಿರುವ ವೋಲ್ಟು ಒಂದೇ ಇರಬೇಕು, ಆಂಪಿಯರು ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್ನು ಸರಿಯಾಗಿ ಕೂರಬೇಕು. ಆಮೇಲೆ ಚಾರ್ಜರು ತೆಗೆದು, ಆನ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಬಿಟ್ಟು, ಮತ್ತೆ ಚಾರ್ಜರು ಹಾಕಿ ಒತ್ತಿ. ಒಳಗೆ ಉಳಿದ ಕರೆಂಟು ಖಾಲಿಯಾಗಿ ಎದ್ದು ಕೂತ ಯಂತ್ರಗಳು ಬೇಕಾದಷ್ಟಿವೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ದೀಪ ಹತ್ತುತ್ತದೆ, ಒಳಗೆ ಫ್ಯಾನು ಸದ್ದು ಮಾಡುತ್ತದೆ, ಆದರೆ ಪರದೆ ಕಪ್ಪು. ಇಂಥ ಯಂತ್ರವನ್ನೂ "ಸತ್ತಿದೆ" ಅಂತಾರೆ. ಕತ್ತಲಲ್ಲಿ ಪರದೆಗೆ ಟಾರ್ಚು ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಕೆಟ್ಟಿರುವುದು ಪರದೆಯ ಹಿಂದಿನ ಬೆಳಕು ಮಾತ್ರ. ಮನೆಯ ಟಿ.ವಿ.ಗೆ ಎಚ್.ಡಿ.ಎಂ.ಐ. ತಂತಿ ಹಾಕಿ ನೋಡಿದರೂ ತಿಳಿಯುತ್ತದೆ. ಅಲ್ಲೂ ಏನೂ ಕಾಣದಿದ್ದರೆ ಮೆಮೊರಿ ಪಟ್ಟಿಯ ಕಾಲು ಕಿಲುಬು ಹಿಡಿದಿರಬಹುದು. ಬ್ಯಾಟರಿಯ ಸಂಪರ್ಕ ತೆಗೆದು, ಪಟ್ಟಿ ಬಿಚ್ಚಿ, ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವ ಕೆಲಸ ಅದು. ಬ್ಯಾಟರಿ ಊದಿಕೊಂಡಿದ್ದರೆ ಮಾತ್ರ ಕೈ ಹಾಕಬೇಡಿ. ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಬೆಂಕಿ ಹತ್ತುತ್ತದೆ.

ಇಷ್ಟಕ್ಕೂ ಏಳದಿದ್ದರೆ ಬೋರ್ಡು. ಆಗಲೂ ಇಡೀ ಬೋರ್ಡು ಬದಲಿಸಲೇಬೇಕೆಂದಿಲ್ಲ. ಸಾಸಿವೆ ಕಾಳಿನಷ್ಟು ಸಣ್ಣ ಭಾಗವೊಂದು ಷಾರ್ಟ್ ಆದರೂ ಇಡೀ ಯಂತ್ರ ಸುಮ್ಮನಾಗುತ್ತದೆ. ಅದೊಂದನ್ನೇ ಹುಡುಕಿ ಬದಲಿಸುವ ಕೈಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿವೆ, ಜಿಲ್ಲಾ ಕೇಂದ್ರಗಳಲ್ಲೂ ಹುಡುಕಿದರೆ ಸಿಗುತ್ತವೆ. ಹಾಗಂತ ಎಲ್ಲವನ್ನೂ ರಿಪೇರಿಯೇ ಮಾಡಿಸಿ ಅಂತ ನಾನು ಹೇಳೋದಿಲ್ಲ. ಕೇಳಿದ ಹಣ ಒಳ್ಳೆ ಸೆಕೆಂಡ್‌ಹ್ಯಾಂಡ್ ಯಂತ್ರದ ಅರ್ಧ ಬೆಲೆ ದಾಟಿದರೆ ಬೇಡ ಅನ್ನಿ. ಆದರೆ ಹಾರ್ಡ್ ಡಿಸ್ಕನ್ನು ಬಿಚ್ಚಿಸಿ ಇಸ್ಕೊಳ್ಳಿ. ಬೋರ್ಡು ಸತ್ತರೆ ಅದು ಸತ್ತಂತಲ್ಲ, ಮಗಳ ಮೂರು ವರ್ಷದ ಓದು ಅದರಲ್ಲಿದೆ.

ಅಂಗಡಿಯಲ್ಲಿ ನಾಚಿಕೆ ಬೇಡ. ಬಿಚ್ಚಿ ನೋಡುವುದಕ್ಕೆ ಎಷ್ಟು, ಮಾಡುವುದಕ್ಕೆ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಬದಲಿಸಿದ ಹಳೆಯ ಭಾಗ ವಾಪಸು ಕೇಳಿ. ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ. ಮೋಸವಾದರೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ.

ಇದು ಮಕ್ಕಳ ಯಂತ್ರದ ಮಾತಷ್ಟೇ ಅಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ, ಆರಿಸಿಕೊಂಡ ನಾಲ್ಕು ವರ್ಗಗಳಲ್ಲಿ ಕೃಷಿ ಉಪಕರಣವೂ ಒಂದು. ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ತೆರೆದರು. ಪೋರ್ಟಲ್‌ನಿಂದ ಬಿಡಿಭಾಗ ಉದುರುತ್ತದೆಯೆ? ಅಮೆರಿಕದ ಕೊಲೊರಾಡೊ ರಾಜ್ಯದ ರೈತರು ತಮ್ಮ ಟ್ರಾಕ್ಟರನ್ನು ತಾವೇ ರಿಪೇರಿ ಮಾಡಿಕೊಳ್ಳಲು ಬೇಕಾದ ಭಾಗ, ಸಾಫ್ಟ್‌ವೇರು, ಕೈಪಿಡಿಗಳನ್ನು ಕಂಪನಿ ಕೊಡಲೇಬೇಕು ಅನ್ನುವ ಕಾಯಿದೆಯನ್ನು 2023ರಲ್ಲಿ ಗೆದ್ದರು. 2024ರ ಜನವರಿ 1ರಿಂದ ಅದು ಜಾರಿಗೆ ಬಂತು.

ನಮ್ಮ ಸರ್ಕಾರವೂ ಪದವಿ ಕಾಲೇಜಿನ ಮಕ್ಕಳಿಗೆ ಲ್ಯಾಪ್‌ಟಾಪು ಹಂಚಿದ್ದುಂಟು. ಫೋಟೋ ಆಯಿತು, ಭಾಷಣ ಆಯಿತು. ಕೆಟ್ಟರೆ ಎಲ್ಲಿಗೆ ಒಯ್ಯಬೇಕು? ಮುಂದಿನ ಟೆಂಡರಿನಲ್ಲಿ ಕನಿಷ್ಠ ಐದು ವರ್ಷ ಬಿಡಿಭಾಗ ಒದಗಿಸಬೇಕು, ಬೋರ್ಡಿನ ನಕ್ಷೆ ಕೊಡಬೇಕು, ತಾಲ್ಲೂಕಿಗೊಂದು ರಿಪೇರಿ ಜಾಗ ಇರಬೇಕು ಎಂದು ಬರೆಸಿ ಅಂತ ನಿಮ್ಮ ಶಾಸಕರನ್ನು ಕೇಳಿ. ಓಟಿಗೆ ಬಂದಾಗಲ್ಲ, ಈಗಲೇ, ಬಜೆಟ್ಟಿಗೆ ಮುಂಚೆ.